ಕಣ್ಣಿಗೆ ಪಟ್ಟಿ ಕಟ್ಟಿ ಓದುವ ಮಕ್ಕಳು: ‘ಮಿಡ್‌ಬ್ರೈನ್’ ತರಗತಿಯ ಒಳಗುಟ್ಟು, ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಬೇಸಿಗೆ ರಜೆ ಹತ್ತಿರವಾದಂತೆ ಬೆಂಗಳೂರಿನ ಬೆನ್ಸನ್ ಟೌನ್, ಜಯಮಹಲ್, ಫ್ರೇಜರ್ ಟೌನ್ ಕಡೆಯ ಮನೆಗಳಲ್ಲಿ ಒಂದೇ ಚರ್ಚೆ: ಮಕ್ಕಳನ್ನು ಯಾವ ತರಗತಿಗೆ ಹಾಕುವುದು? ಈಜು, ಕರಾಟೆ, ಚೆಸ್, ಚಿತ್ರಕಲೆ, ಅಬ್ಯಾಕಸ್ ಎಲ್ಲವೂ ಪಟ್ಟಿಯಲ್ಲಿರುತ್ತವೆ. ಇವುಗಳ ಜೊತೆಗೆ, ಮಕ್ಕಳಿಗೆ ಅತಿಮಾನುಷ ಶಕ್ತಿ ಕಲಿಸಿಕೊಡುತ್ತೇವೆಂದು ಹೇಳುವ ಒಂದು ತರಗತಿಯೂ ದೇಶದ ಹಲವು ನಗರಗಳಲ್ಲಿ ಹರಡಿಕೊಂಡಿದೆ. ಅದರ ಹೆಸರು ‘ಮಿಡ್‌ಬ್ರೈನ್ ಆ್ಯಕ್ಟಿವೇಶನ್’. ಐದರಿಂದ ಹದಿನೈದು ವರ್ಷದ ಮಕ್ಕಳು ಎರಡು ದಿನದ ತರಬೇತಿ ಮುಗಿಸಿದರೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಪುಸ್ತಕ ಓದುತ್ತಾರೆ, ಬಣ್ಣ ಗುರುತಿಸುತ್ತಾರೆ, ನೋಟಿನ ನಂಬರ್ ಹೇಳುತ್ತಾರೆ, ಸೈಕಲ್ ಓಡಿಸುತ್ತಾರೆ ಎಂಬುದು ಅದರ ಭರವಸೆ. ನೆನಪಿನ ಶಕ್ತಿ, ಏಕಾಗ್ರತೆ, ಪರೀಕ್ಷೆಯ ಅಂಕ ಎಲ್ಲವೂ ಏರುತ್ತವೆ ಎಂಬ ಮಾತೂ ಜೊತೆಗಿರುತ್ತದೆ. ಇದಕ್ಕೆ ಸಾವಿರಾರು ರೂಪಾಯಿ ಶುಲ್ಕ.

ಮಗು ಪಟ್ಟಿ ಕಟ್ಟಿಕೊಂಡು ಓದುವುದನ್ನು ಕಣ್ಣಾರೆ ಕಂಡ ತಂದೆ ತಾಯಿ ನಂಬಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಮಗು ನಿಜವಾಗಿಯೂ ಓದುತ್ತಿರುತ್ತದೆ. ಹೇಗೆ ಓದುತ್ತದೆ ಎಂಬುದೇ ತಿಳಿಯಬೇಕಾದ ಸಂಗತಿ.

ಪಟ್ಟಿಯ ಕೆಳಗಿನ ಸಂದು

ಈಗಲೇ ಒಂದು ದುಪಟ್ಟಾವನ್ನೋ ನಿದ್ದೆಗೆ ಹಾಕುವ ಕಣ್ಣುಪಟ್ಟಿಯನ್ನೋ ಕಟ್ಟಿಕೊಳ್ಳಿ. ಎಷ್ಟು ಬಿಗಿಯಾಗಿ ಕಟ್ಟಿದರೂ ಸರಿ. ಆಮೇಲೆ ಪಟ್ಟಿಯೊಳಗೇ ಕಣ್ಣು ತೆರೆದು, ದೃಷ್ಟಿಯನ್ನು ಮೂಗಿನ ಗುಂಟ ಕೆಳಗಿಳಿಸಿ. ನಿಮ್ಮ ಅಂಗೈ, ಮಡಿಲು, ಮಡಿಲಲ್ಲಿಟ್ಟ ಪುಸ್ತಕ ಕಾಣುತ್ತವೆ.

ನಮ್ಮ ಮುಖದ ಆಕಾರವೇ ಇದಕ್ಕೆ ಕಾರಣ. ಮೂಗಿನ ದಂಡ ಬಟ್ಟೆಯನ್ನು ಮೇಲಕ್ಕೆತ್ತಿ ಹಿಡಿಯುತ್ತದೆ. ಮೂಗಿಗೂ ಕೆನ್ನೆಯ ಮೂಳೆಗೂ ನಡುವೆ ಇರುವ ತಗ್ಗನ್ನು ಬಟ್ಟೆ ಪೂರ್ತಿ ಮುಚ್ಚುವುದಿಲ್ಲ. ಅಲ್ಲಿ ಉಳಿಯುವ ಸಂದು ಕೆಲವೇ ಮಿಲಿಮೀಟರ್‌ನದು, ಆದರೆ ಅದು ಕಣ್ಣಿಗೆ ತೀರಾ ಹತ್ತಿರ. ಬಾಗಿಲಿನ ಕೀಲಿಕಂಡಿಗೆ ಕಣ್ಣು ತಾಗಿಸಿ ನೋಡಿದರೆ ಇಡೀ ಕೋಣೆ ಕಾಣುವಂತೆಯೇ ಇದು. ಹುಬ್ಬು ಎತ್ತಿದರೆ, ಕೆನ್ನೆ ಸಡಿಲ ಬಿಟ್ಟರೆ ಸಂದು ಇನ್ನಷ್ಟು ಅಗಲವಾಗುತ್ತದೆ. ಪಟ್ಟಿಯ ಒಳಗೆ ಹತ್ತಿ ತುರುಕಿದರೂ ಕಣ್ಣು ಬಿಗಿಯಾಗಿ ಮುಚ್ಚಿ ಮತ್ತೆ ತೆರೆದಾಗ ಹತ್ತಿ ಸರಿದು ಜಾಗವಾಗುತ್ತದೆ.

ಜಾದೂಗಾರರಿಗೆ ಇದು ಬಹಳ ಹಳೆಯ ವಿದ್ಯೆ. 1905ರಲ್ಲಿ ಕಾಶ್ಮೀರದಲ್ಲಿ ಹುಟ್ಟಿದ ಖುದಾ ಬಕ್ಷ್, ಕಣ್ಣಿನ ಮೇಲೆ ಹಿಟ್ಟಿನ ಉಂಡೆ, ಹತ್ತಿ, ಸುತ್ತಲೂ ಬಟ್ಟೆ ಸುತ್ತಿಸಿಕೊಂಡು ವೇದಿಕೆಯ ಮೇಲೆ ಓದಿ ತೋರಿಸಿ ಇಂಗ್ಲೆಂಡ್, ಅಮೆರಿಕಗಳಲ್ಲಿ ಹೆಸರು ಮಾಡಿದರು. ವಯಸ್ಸಾದ ಮೇಲೆ ಅವರಿಗೆ ಗ್ಲಾಕೋಮ ಬಂದು ಕಣ್ಣಿನ ದೃಷ್ಟಿಯೇ ಹೋಯಿತು. ಕಣ್ಣಿಲ್ಲದೆ ನೋಡುವ ಶಕ್ತಿ ಯಾರಿಗಾದರೂ ಇದ್ದಿದ್ದರೆ ಅದು ಅವರಿಗೆ ಆಗ ಒದಗಬೇಕಿತ್ತು.

1960ರ ದಶಕದಲ್ಲಿ ಸೋವಿಯತ್ ಒಕ್ಕೂಟದ ರೋಸಾ ಕುಲೆಶೋವಾ ಎಂಬ ಯುವತಿ ಬೆರಳಿನಿಂದ ಅಕ್ಷರ ಓದುತ್ತಾಳೆಂಬ ಸುದ್ದಿ ಜಗತ್ತಿನಾದ್ಯಂತ ಹಬ್ಬಿತ್ತು. ಆಗ ಅಮೆರಿಕದ ಲೇಖಕ ಮಾರ್ಟಿನ್ ಗಾರ್ಡ್ನರ್ 1966ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮೂಗಿನ ಪಕ್ಕದ ಈ ಸಂದಿನ ಬಗ್ಗೆ ವಿವರವಾಗಿ ಬರೆದರು. ಕಣ್ಣಿಗೆ ಪಟ್ಟಿ ಕಟ್ಟುವ ಯಾವ ವಿಧಾನವೂ ಸಾಲದು, ತಲೆಯನ್ನೇ ಪೂರ್ತಿ ಮುಚ್ಚಿ ಭುಜದ ಮೇಲೆ ಕೂರುವ ಹಗುರ ಲೋಹದ ಪೆಟ್ಟಿಗೆ ಬೇಕು ಎಂಬುದು ಅವರ ಸಲಹೆ.

ತರಬೇತಿಯಲ್ಲಿ ಮಗುವಿಗೆ ಏನಾಗುತ್ತದೆ

ಇಂಥ ತರಗತಿಗಳ ಕ್ರಮ ಸಾಮಾನ್ಯವಾಗಿ ಒಂದೇ ಬಗೆಯದು. ಪೋಷಕರನ್ನು ಹೊರಗೆ ಕೂರಿಸುತ್ತಾರೆ. ಒಳಗೆ ಹಾಡು, ಕುಣಿತ, ಆಟ, ಹೆಡ್‌ಫೋನಿನಲ್ಲಿ ವಿಶೇಷ ಸಂಗೀತ. ಆಮೇಲೆ ಪಟ್ಟಿ ಕಟ್ಟಿ ಬಣ್ಣದ ಚೆಂಡೋ ಕಾರ್ಡೋ ಕೈಗೆ ಕೊಟ್ಟು ಮುಟ್ಟಿ, ಮೂಸಿ, ಬಣ್ಣ ಹೇಳಲು ಸೂಚಿಸುತ್ತಾರೆ. ಮೂಸಲು ಕಾರ್ಡನ್ನು ಮೂಗಿನ ಬಳಿ ತಂದಾಗ ಅದು ಸಂದಿನ ನೇರಕ್ಕೇ ಬರುತ್ತದೆ. ಮಗುವಿಗೆ ಬಣ್ಣ ಕಾಣುತ್ತದೆ. ಹೇಳಿದ ಕೂಡಲೇ ಚಪ್ಪಾಳೆ. ಪಕ್ಕದ ಮಗುವೂ ಹೇಳುತ್ತದೆ, ಅದಕ್ಕೂ ಚಪ್ಪಾಳೆ. ಹೇಳಲಾಗದ ಮಗು, ನನ್ನ ಮಿದುಳಷ್ಟೇ ಇನ್ನೂ ತೆರೆದಿಲ್ಲವೇನೋ ಎಂದು ಕುಗ್ಗುತ್ತದೆ.

ಸುತ್ತಲಿನವರೆಲ್ಲ ಒಂದು ಮಾತು ಹೇಳುವಾಗ ಒಬ್ಬರೇ ಬೇರೆ ಮಾತು ಹೇಳುವುದು ದೊಡ್ಡವರಿಗೂ ಕಷ್ಟ. 1950ರ ದಶಕದಲ್ಲಿ ಸಾಲೊಮನ್ ಆ್ಯಶ್ ಎಂಬ ಮನೋವಿಜ್ಞಾನಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ ಗೆರೆಗಳ ಉದ್ದ ಹೋಲಿಸುವ ಸುಲಭದ ಕೆಲಸ ಕೊಟ್ಟರು. ಗುಂಪಿನ ಉಳಿದವರು ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಹೇಳುತ್ತಿದ್ದರು. ಪರೀಕ್ಷೆಗೊಳಗಾದ ಸುಮಾರು ಮುಕ್ಕಾಲು ಪಾಲು ಜನ ಒಮ್ಮೆಯಾದರೂ ಗುಂಪಿನ ತಪ್ಪಿಗೆ ತಲೆದೂಗಿದರು. ಹೀಗಿರುವಾಗ ಎಂಟು ವರ್ಷದ ಮಗು, ಅಪ್ಪ ಅಮ್ಮ ದುಡ್ಡು ಕಟ್ಟಿ ಹೊರಗೆ ಕಾಯುತ್ತಿದ್ದಾರೆಂದು ತಿಳಿದೂ ‘ನಂಗೆ ಕೆಳಗಡೆಯಿಂದ ಕಾಣ್ತಿದೆ’ ಎಂದು ಹೇಗೆ ಹೇಳೀತು? ಕೆಲವು ಮಕ್ಕಳಿಗೆ ತಾವು ಮೋಸ ಮಾಡುತ್ತಿದ್ದೇವೆಂಬ ಅರಿವೂ ಇರುವುದಿಲ್ಲ. ಹೀಗೆ ಕಾಣುವುದನ್ನೇ ‘ಮಿಡ್‌ಬ್ರೈನ್ ತೆರೆಯುವುದು’ ಎನ್ನುತ್ತಾರೆ ಎಂದು ಅವು ನಂಬಿರುತ್ತವೆ.

ಮಿಡ್‌ಬ್ರೈನ್ ನಿಜವಾಗಿ ಮಾಡುವ ಕೆಲಸ

ಮಿಡ್‌ಬ್ರೈನ್ ಎಂಬ ಭಾಗ ನಮ್ಮ ಮಿದುಳಿನಲ್ಲಿ ಖಂಡಿತ ಇದೆ. ಮಿದುಳುಕಾಂಡದ ಮೇಲ್ತುದಿಯಲ್ಲಿರುವ ಇದರ ಉದ್ದ ಸುಮಾರು 2 ಸೆಂಟಿಮೀಟರ್. ಕಣ್ಣುಗುಡ್ಡೆಯನ್ನು ಹೊರಳಿಸುವುದು, ಬೆಳಕು ಬಿದ್ದಾಗ ಪಾಪೆಯನ್ನು ಕಿರಿದಾಗಿಸುವುದು, ಸದ್ದು ಬಂದ ಕಡೆಗೆ ತಲೆ ತಿರುಗಿಸುವುದು, ನಮ್ಮನ್ನು ಎಚ್ಚರವಾಗಿಡುವುದು, ಇವೆಲ್ಲದರಲ್ಲೂ ಅದಕ್ಕೆ ಪಾಲಿದೆ. ಇಲ್ಲಿನ ಡೋಪಮಿನ್ ತಯಾರಿಸುವ ಜೀವಕೋಶಗಳು ನಶಿಸಿದಾಗ ಬರುವುದೇ ಪಾರ್ಕಿನ್ಸನ್ ಕಾಯಿಲೆ.

ಈ ಭಾಗ ಹುಟ್ಟಿದ ಗಳಿಗೆಯಿಂದ ಕೆಲಸ ಮಾಡುತ್ತಿರುತ್ತದೆ. ಅದು ಮಲಗಿದ್ದು, ಸಂಗೀತ ಕೇಳಿಸಿ ಎಬ್ಬಿಸಬೇಕಾದ ಸ್ಥಿತಿಯಲ್ಲಿದ್ದರೆ ಮಗು ತರಗತಿಗೆ ನಡೆದು ಬರುವಂತೆಯೇ ಇರಲಿಲ್ಲ, ಎಚ್ಚರ ತಪ್ಪಿ ಆಸ್ಪತ್ರೆಯಲ್ಲಿರುತ್ತಿತ್ತು. ಇನ್ನು ಓದುವುದಕ್ಕೆ ಬೆಳಕು ರೆಟಿನಾದ ಮೇಲೆ ಬೀಳಬೇಕು. ಅಲ್ಲಿನ ಸಂಕೇತ ನರದ ಮೂಲಕ ಮಿದುಳಿನ ಹಿಂಭಾಗಕ್ಕೆ ತಲುಪಬೇಕು. ಚರ್ಮಕ್ಕೂ ಮೂಗಿಗೂ ಅಚ್ಚಾದ ಅಕ್ಷರವನ್ನು ಗ್ರಹಿಸುವ ಜೀವಕೋಶಗಳಿಲ್ಲ. ಈ ಶಕ್ತಿಗೆ ಬೆಳಕು ಬೇಕು, ಕತ್ತಲ ಕೋಣೆಯಲ್ಲಿ ಅದು ನಡೆಯದು ಎಂದು ಹಲವು ತರಬೇತುದಾರರೇ ಹೇಳುವುದುಂಟು. ಬೆಳಕು ಬೇಕೆಂದರೆ ಕಣ್ಣು ಬೇಕೆಂದೇ ಅರ್ಥ.

ಮನೆಯಲ್ಲಿ ಪರೀಕ್ಷಿಸುವ ಕ್ರಮ

ಮಗು ಈಗಾಗಲೇ ತರಗತಿಗೆ ಹೋಗಿ ಬಂದಿದ್ದರೆ ನೀವೇ ಪರೀಕ್ಷಿಸಬಹುದು. ನೆಂಟರನ್ನು ಸೇರಿಸಬೇಡಿ, ವಿಡಿಯೊ ಮಾಡಬೇಡಿ. ‘ನಾವು ನಿನ್ನನ್ನಲ್ಲ ಪುಟ್ಟ, ಈ ಪಟ್ಟಿಯನ್ನು ಪರೀಕ್ಷೆ ಮಾಡ್ತಿದ್ದೀವಿ’ ಎಂದು ಮೊದಲೇ ಹೇಳಿ. ಸಾಕು ಎಂದಾಗ ನಿಲ್ಲಿಸುವ ಸ್ವಾತಂತ್ರ್ಯ ಮಗುವಿಗಿರಲಿ.

1. ತರಗತಿಯವರು ಕೊಟ್ಟ ಪಟ್ಟಿಯನ್ನೇ ಕಟ್ಟಿ, ಮಗು ಎಂದಿನಂತೆ ಓದಲಿ. ನೀವು ಸುಮ್ಮನೆ ಗಮನಿಸಿ. ತಲೆ ಹಿಂದಕ್ಕೆ ವಾಲುತ್ತದೆಯೇ? ಪುಸ್ತಕ ಯಾವಾಗಲೂ ಎದೆಯಿಂದ ಕೆಳಗೇ ಇರುತ್ತದೆಯೇ? ಕೈ ಆಗಾಗ ಪಟ್ಟಿಯನ್ನು ಸರಿಪಡಿಸುತ್ತದೆಯೇ?

2. ಅದೇ ಪಟ್ಟಿ ಇರಲಿ. ಪುಸ್ತಕವನ್ನು ಮಗುವಿನ ತಲೆಯ ಹಿಂದೆ ಹಿಡಿಯಿರಿ. ಶಕ್ತಿ ಮಿದುಳಿನದಾದರೆ ಹಿಂದೆ, ಮುಂದೆ ಎಂಬ ಭೇದ ಇರಬಾರದು.

3. ಅಗಲವಾದ ರಟ್ಟನ್ನು ಮಗುವಿನ ಗಲ್ಲದ ಕೆಳಗೆ ಅಡ್ಡಲಾಗಿ ಹಿಡಿದು, ಕಾರ್ಡನ್ನು ರಟ್ಟಿನ ಕೆಳಗೆ ಮಗುವಿನ ಕೈಗೇ ಕೊಡಿ. ಮುಟ್ಟಲಿ, ಉಜ್ಜಲಿ. ಮೂಗಿನ ಪಕ್ಕದ ಸಂದಿಗೆ ಮಾತ್ರ ಈಗ ದಾರಿ ಇಲ್ಲ.

4. ಈಜುವಾಗ ಹಾಕುವ ಗಾಗಲ್ಸ್ ತಂದು ಗಾಜಿನ ಹೊರಗೆ ಕಪ್ಪು ಟೇಪ್ ಅಂಟಿಸಿ. ಮೊದಲು ದೊಡ್ಡವರು ಹಾಕಿಕೊಂಡು ಎಲ್ಲಿಂದಲೂ ಬೆಳಕು ಬರುತ್ತಿಲ್ಲವೆಂದು ನೋಡಿಕೊಳ್ಳಿ. ಮಗುವಿನ ಮುಖಕ್ಕೆ ಅದು ಸರಿಯಾಗಿ ಕೂರಬೇಕು. ಟೇಪನ್ನು ಚರ್ಮಕ್ಕೆ ಅಂಟಿಸಬೇಡಿ.

5. ಲೆಕ್ಕ ಇಡಿ. ಐದು ಬಣ್ಣದ ಕಾರ್ಡುಗಳಿರಲಿ. ಪ್ರತಿ ಸಲ ಒಬ್ಬರು ಚೀಟಿ ಎತ್ತಿ ಬಣ್ಣ ಆರಿಸಿ, ಚೀಟಿಯನ್ನು ಮರಳಿ ಹಾಕಲಿ. ಕಾರ್ಡನ್ನು ಕವರಿನಲ್ಲಿಟ್ಟು ಕೊಟ್ಟು ಅವರು ಆಚೆ ಹೋಗಲಿ. ಮಗುವಿನ ಜೊತೆ ಕೂತವರಿಗೆ ಉತ್ತರ ತಿಳಿದಿರಬಾರದು, ಏಕೆಂದರೆ ತಿಳಿದವರ ಉಸಿರಾಟ, ದನಿ ಕೂಡ ಸುಳಿವು ಕೊಡುತ್ತದೆ. 20 ಸಲ ಮಾಡಿ. ಬರೀ ಊಹೆಯಿಂದಲೇ ಸುಮಾರು 4 ಸರಿ ಬರುತ್ತವೆ. ಊಹೆಯಿಂದ 9 ಅಥವಾ ಹೆಚ್ಚು ಸರಿ ಬರುವುದು ಇಂಥ ನೂರು ಪರೀಕ್ಷೆಗಳಲ್ಲಿ ಒಂದರಲ್ಲಿ ಆದೀತು.

6. ಇನ್ನೂ ಖಚಿತ ಬೇಕೆಂದರೆ ಹತ್ತು ರೂಪಾಯಿಯ ನೋಟು ಸಾಕು. ಅದರ ನಂಬರಿನ ಕೊನೆಯ ಆರು ಅಂಕಿಗಳನ್ನು ಊಹೆಯಿಂದ ಸರಿಯಾಗಿ ಹೇಳುವ ಸಾಧ್ಯತೆ ಹತ್ತು ಲಕ್ಷದಲ್ಲಿ ಒಂದು. ರಟ್ಟಿನ ಕೆಳಗೆ ನೋಟು ಕೊಟ್ಟು ಕೇಳಿ.

ಎರಡನೆಯ ಹಂತದಿಂದಲೇ ಓದು ನಿಂತರೆ ಉತ್ತರ ಸಿಕ್ಕಂತೆ. ಆಗ ಮಗುವನ್ನು ಗದರಬೇಡಿ, ಅಣ್ಣ ತಮ್ಮಂದಿರು ನಗದಂತೆ ನೋಡಿಕೊಳ್ಳಿ. ದೊಡ್ಡವರು ಕಲಿಸಿದ್ದನ್ನೇ ಅದು ಮಾಡಿದೆ. ‘ಕೆಳಗಿಂದ ಸ್ವಲ್ಪ ಕಾಣ್ತಿತ್ತಾ?’ ಎಂದು ಮೆಲ್ಲಗೆ ಕೇಳಿದರೆ ಬಹಳ ಮಕ್ಕಳಿಗೆ ಹೊರೆ ಇಳಿಸಿದ ಹಾಗಾಗುತ್ತದೆ.

ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಇಂಥ ಪರೀಕ್ಷೆಗಳನ್ನು ವರ್ಷಗಳಿಂದ ನಡೆಸುತ್ತ, ಬಿಗಿಯಾದ ಪರೀಕ್ಷೆಯಲ್ಲಿ ಗೆದ್ದು ತೋರಿಸುವವರಿಗೆ ಬಹುಮಾನವನ್ನೂ ಘೋಷಿಸಿ ಊರೂರು ಸುತ್ತಿ ಪೋಷಕರನ್ನು ಎಚ್ಚರಿಸುತ್ತ ಬಂದಿದ್ದಾರೆ.

ಪಾಂಡವಪುರದಿಂದ ಸೇಂಟ್ ಲೂಯಿಸ್‌ವರೆಗೆ

ಮಕ್ಕಳ ಹೆಸರಿನಲ್ಲಿ ಪವಾಡ ನಡೆಸುವುದು ಕರ್ನಾಟಕಕ್ಕೆ ಹೊಸದಲ್ಲ. 1976ರಲ್ಲಿ ಮಂಡ್ಯ ಜಿಲ್ಲೆಯ ಪಾಂಡವಪುರದಲ್ಲಿ ಒಬ್ಬ ಪುಟ್ಟ ಬಾಲಕ ಬರಿಗೈಯಿಂದ ವಿಭೂತಿ ಸೃಷ್ಟಿಸುತ್ತಾನೆಂದು ಜನ ಮುಗಿಬಿದ್ದಿದ್ದರು. ಆಗ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು ಭೌತವಿಜ್ಞಾನಿ ಎಚ್. ನರಸಿಂಹಯ್ಯ. ಪವಾಡ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆಂದು ಅದೇ ವರ್ಷ ಅವರು ಒಂದು ಸಮಿತಿ ರಚಿಸಿದ್ದರು. ಸಮಿತಿಯವರು ಪಾಂಡವಪುರಕ್ಕೇ ಹೋಗಿ ಹತ್ತಿರದಿಂದ ನೋಡಿದಾಗ ವಿಭೂತಿ ಬಾಲಕನ ಬಟ್ಟೆಯೊಳಗೆ ಅಡಗಿದ್ದದ್ದು ಬಯಲಾಯಿತು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಕರ್ತವ್ಯವೆಂದು ಸಂವಿಧಾನದ 51ಎ ವಿಧಿಯಲ್ಲಿ ಸೇರಿಸಿದ 42ನೇ ತಿದ್ದುಪಡಿಯೂ 1976ರದ್ದೇ.

ಹೊರದೇಶಗಳ ಕಥೆಯೂ ಬೇರೆಯಲ್ಲ. 1975ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಸಂಶೋಧಕರು ಮನೋಬಲದಿಂದ ಚಮಚ ಬಗ್ಗಿಸುತ್ತೇವೆಂದ ಮಕ್ಕಳನ್ನು ಕರೆಸಿ, ಒಂದೇ ಕಡೆಯಿಂದ ಕಾಣುವ ಕನ್ನಡಿಯ ಹಿಂದೆ ಕೂತು ನೋಡಿದರು. ಕೋಣೆಯಲ್ಲಿದ್ದವರ ಗಮನ ಸಡಿಲವಾದ ಕೂಡಲೇ ಮಕ್ಕಳು ಕೈಯಿಂದ, ಕಾಲಿನಿಂದ ಒತ್ತಿ ಬಗ್ಗಿಸುತ್ತಿದ್ದರು. 1979ರಲ್ಲಿ ಚೀನಾದ ‘ಸಿಚುವಾನ್ ಡೈಲಿ’ ಪತ್ರಿಕೆ, ಕಿವಿಯಿಂದ ಅಕ್ಷರ ಓದುವ ಹನ್ನೆರಡು ವರ್ಷದ ಹುಡುಗನ ಸುದ್ದಿ ಪ್ರಕಟಿಸಿತು. ಅದರ ಬೆನ್ನಲ್ಲೇ ದೇಶದ ಮೂಲೆಮೂಲೆಗಳಲ್ಲಿ ಅಂಥದೇ ಶಕ್ತಿಯ ಮಕ್ಕಳು ಕಾಣಿಸಿಕೊಂಡರು.

ಇವೆಲ್ಲಕ್ಕಿಂತ ಹೆಚ್ಚು ಕಲಿಸುವ ಪ್ರಸಂಗ ಅಮೆರಿಕದ ಸೇಂಟ್ ಲೂಯಿಸ್‌ನದು. ಅಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 1979ರಲ್ಲಿ 5 ಲಕ್ಷ ಡಾಲರ್ ದೇಣಿಗೆಯಿಂದ ಅತೀಂದ್ರಿಯ ಶಕ್ತಿಯ ಪ್ರಯೋಗಾಲಯ ಶುರುವಾಯಿತು. ಜಾದೂಗಾರ ಜೇಮ್ಸ್ ರ‍್ಯಾಂಡಿ, ಹದಿಹರೆಯದ ಇಬ್ಬರು ಹವ್ಯಾಸಿ ಜಾದೂಗಾರರನ್ನು ಅತೀಂದ್ರಿಯ ಶಕ್ತಿಯುಳ್ಳವರ ವೇಷದಲ್ಲಿ ಅಲ್ಲಿಗೆ ಕಳಿಸಿದರು. ಹುಡುಗರು ಚಮಚಗಳ ಲೇಬಲ್ ಅದಲುಬದಲು ಮಾಡುವಂಥ ಸರಳ ಉಪಾಯಗಳಿಂದ ವಿಜ್ಞಾನಿಗಳನ್ನು ಬೆರಗುಗೊಳಿಸಿದರು. ಮೋಸ ತಡೆಯುವ ಕ್ರಮಗಳನ್ನು ರ‍್ಯಾಂಡಿ ಮೊದಲೇ ಪತ್ರದಲ್ಲಿ ಬರೆದು ಕಳಿಸಿದ್ದರೂ ಆರಂಭದಲ್ಲಿ ಅವನ್ನು ಪಾಲಿಸಲಿಲ್ಲ. ‘ನೀವು ಜಾದೂ ಮಾಡುತ್ತಿದ್ದೀರಾ?’ ಎಂದು ಯಾರಾದರೂ ನೇರವಾಗಿ ಕೇಳಿದರೆ ಕೂಡಲೇ ನಿಜ ಹೇಳಬೇಕೆಂಬ ಒಪ್ಪಂದ ಹುಡುಗರ ಮತ್ತು ರ‍್ಯಾಂಡಿಯ ನಡುವೆ ಇತ್ತು. ಯಾರೂ ಕೇಳಲಿಲ್ಲ. 1983ರಲ್ಲಿ ಪತ್ರಿಕಾಗೋಷ್ಠಿ ಕರೆದು ಅವರೇ ಹೇಳಬೇಕಾಯಿತು. ವಿದ್ಯಾವಂತರೂ ಮೋಸಹೋಗುತ್ತಾರೆ ಎಂಬುದಕ್ಕಿಂತ ಮುಖ್ಯವಾದ ಪಾಠ ಇದರಲ್ಲಿದೆ: ಮಕ್ಕಳನ್ನು ಕೇಳಬೇಕು, ಅವರು ನಿಜ ಹೇಳಲು ಧೈರ್ಯ ಕೊಡಬೇಕು.

ನಿಜವಾದ ಅಸಾಧಾರಣ ಶಕ್ತಿ ಹೇಗಿರುತ್ತದೆ

ಅಸಾಧಾರಣ ಮಕ್ಕಳು ಇಲ್ಲವೆಂದಲ್ಲ. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ ಸರ್ಕಸ್ ಕಲಾವಿದರೊಬ್ಬರ ಮಗಳು. ಎಳೆಯ ವಯಸ್ಸಿನಲ್ಲೇ ಮೈಸೂರು ವಿಶ್ವವಿದ್ಯಾಲಯದಲ್ಲಿ ತಮ್ಮ ಲೆಕ್ಕದ ಸಾಮರ್ಥ್ಯ ತೋರಿಸಿದವರು. 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ, ಅಲ್ಲಿನವರು ಆರಿಸಿಕೊಟ್ಟ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿ 28 ಸೆಕೆಂಡುಗಳಲ್ಲಿ ಉತ್ತರ ಹೇಳಿದರು. ಮನೋವಿಜ್ಞಾನಿ ಆರ್ಥರ್ ಜೆನ್ಸನ್ 1988ರಲ್ಲಿ ಅವರನ್ನು ಪರೀಕ್ಷಿಸಿದಾಗ ಸರಳ ಕೆಲಸಗಳಲ್ಲಿ ಅವರ ಮಿದುಳಿನ ವೇಗ ಎಲ್ಲರಂತೆಯೇ ಇತ್ತು. ಸಂಖ್ಯೆಗಳೊಂದಿಗೆ ಬಾಲ್ಯದಿಂದ ನಡೆಸಿದ ಒಡನಾಟವೇ ಅವರನ್ನು ಬೇರೆಯಾಗಿಸಿತ್ತು. ಪ್ರಶ್ನೆ ಯಾರೇ ಕೇಳಲಿ, ಎಲ್ಲೇ ಕೇಳಲಿ ಅವರು ಉತ್ತರಿಸುತ್ತಿದ್ದರು. ನಿಜವಾದ ಶಕ್ತಿಗೆ ಬಯಲಿನಲ್ಲಿ ನಿಲ್ಲುವ ಭಯವಿಲ್ಲ.

ಅಬ್ಯಾಕಸ್ ಕಲಿತ ಮಕ್ಕಳು ಮನಸ್ಸಿನಲ್ಲಿ ಮಣಿ ಸರಿಸಿ ಲೆಕ್ಕ ಮಾಡುವುದೂ ನಿಜವೇ. ಗುಜರಾತಿನ ವಡೋದರದಲ್ಲಿ ಶಾಲಾ ಮಕ್ಕಳ ಮೇಲೆ ಮೂರು ವರ್ಷ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಬ್ಯಾಕಸ್ ಕಲಿತ ಮಕ್ಕಳ ಅಂಕಗಣಿತ ಉಳಿದವರಿಗಿಂತ ಸುಧಾರಿಸಿತ್ತು. ಆದರೆ ನೆನಪು, ಗಮನದಂಥ ಒಟ್ಟಾರೆ ಸಾಮರ್ಥ್ಯ ಹೆಚ್ಚಿದ್ದು ಕಾಣಲಿಲ್ಲ. ಅಂದರೆ ಅಭ್ಯಾಸ ಮಾಡಿದ್ದು ಬರುತ್ತದೆ, ಮಾಡದೆ ಇದ್ದದ್ದು ಬರುವುದಿಲ್ಲ.

ಬೆಂಗಳೂರಿನ ಜೀವನ್ ಬಿಮಾ ನಗರದಲ್ಲಿ ರಾಷ್ಟ್ರೀಯ ಅಂಧರ ಸಂಸ್ಥೆಯ ಕರ್ನಾಟಕ ಶಾಖೆಯಿದೆ. 1969ರಲ್ಲಿ ಶುರುವಾದ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿ ಜೆ.ಪಿ. ನಗರದಲ್ಲಿದೆ. ದೃಷ್ಟಿಯಿಲ್ಲದ ಮಕ್ಕಳು ಆರು ಚುಕ್ಕಿಗಳ ಬ್ರೈಲ್ ಲಿಪಿಯನ್ನು ಬೆರಳಿಗೆ ಒಗ್ಗಿಸಿಕೊಳ್ಳಲು ತಿಂಗಳುಗಟ್ಟಲೆ ಶ್ರಮಪಡುತ್ತಾರೆ. ಎರಡು ದಿನದಲ್ಲಿ ಕಣ್ಣಿಲ್ಲದೆ ಓದುವ ವಿದ್ಯೆ ಇದ್ದದ್ದೇ ಆದರೆ ಅದು ಮೊದಲು ತಲುಪಬೇಕಾದದ್ದು ಈ ಮಕ್ಕಳನ್ನು. ಅವರಿಗೆ ಕಲಿಸಲಾಗದ ವಿದ್ಯೆ, ಕಣ್ಣಿರುವ ಮಕ್ಕಳಿಗೆ ಮಾತ್ರ ಬರುತ್ತದೆ ಎಂದರೆ ಓದುತ್ತಿರುವುದು ಕಣ್ಣೇ.

ದುಡ್ಡು ಕಟ್ಟುವ ಮುನ್ನ, ಕಟ್ಟಿದ ಮೇಲೆ

ತರಗತಿಯವರಿಗೆ ನಾಲ್ಕು ಪ್ರಶ್ನೆ ಹಾಕಿ. ಎರಡೂ ದಿನ ನಾನು ಒಳಗೆ ಕೂರಬಹುದೇ? ನಾನು ತಂದ ಗಾಗಲ್ಸ್ ಹಾಕಿ, ಪುಸ್ತಕವನ್ನು ತಲೆಯ ಹಿಂದಿಟ್ಟು ಓದಿಸುವಿರಾ? ಫಲ ಸಿಗದಿದ್ದರೆ ದುಡ್ಡು ವಾಪಸ್ ಕೊಡುತ್ತೇವೆಂದು ಬರೆದುಕೊಡುವಿರಾ? ಕಣ್ಣು ಕಾಣದ ಮಕ್ಕಳಿಗೆ ಕಲಿಸಿದ್ದೀರಾ? ‘ನಿಮ್ಮ ಅನುಮಾನದಿಂದ ಶಕ್ತಿ ಕುಗ್ಗುತ್ತದೆ’ ಎಂಬ ಉತ್ತರ ಬಂದರೆ ಎದ್ದು ಬನ್ನಿ.

ಈಗಾಗಲೇ ದುಡ್ಡು ಕಟ್ಟಿದ್ದರೆ ಕರಪತ್ರ, ರಸೀದಿ, ವಾಟ್ಸ್‌ಆ್ಯಪ್ ಸಂದೇಶಗಳನ್ನು ಜೋಪಾನವಾಗಿಡಿ. ದಾರಿ ತಪ್ಪಿಸುವ ಜಾಹೀರಾತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತಪ್ಪು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದಕ್ಕೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕಟ್ಟಿದ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು. ಕುರುಡು, ಕಿವುಡು ವಾಸಿಮಾಡುತ್ತೇವೆಂದು ಜಾಹೀರಾತು ಕೊಟ್ಟರೆ ಅದಕ್ಕೆ 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯ್ದೆಯೂ ಅನ್ವಯವಾಗುತ್ತದೆ.

ಓದಿನಲ್ಲಿ ಹಿಂದುಳಿದ ಮಗುವಿನ ತಂದೆ ತಾಯಿ ಇಂಥ ತರಗತಿಗೆ ಬೇಗ ಮಾರುಹೋಗುತ್ತಾರೆ. ಅಕ್ಷರ ತಿರುಗುಮುರುಗಾಗುವುದು, ಗಮನ ನಿಲ್ಲದಿರುವುದು ಕಲಿಕೆಯ ತೊಂದರೆಯ ಲಕ್ಷಣವಾಗಿರಬಹುದು. ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯಕೀಯ ವಿಭಾಗದಲ್ಲಿ ಇದನ್ನು ಪರೀಕ್ಷಿಸಿ ದಾರಿ ತೋರಿಸುತ್ತಾರೆ. ಒಮ್ಮೆ ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿ, ಕನ್ನಡಕ ಬೇಕಾಗಿದ್ದರೆ ಅದೇ ಅರ್ಧ ಸಮಸ್ಯೆ ಕಳೆದೀತು. ಚುರುಕಾದ ಮಗುವಿಗೆ ಇನ್ನಷ್ಟು ಕಲಿಸಬೇಕೆಂದಿದ್ದರೆ ಬೆನ್ಸನ್ ಟೌನಿಗೆ ಹತ್ತಿರದ ಹೈ ಗ್ರೌಂಡ್ಸ್‌ನಲ್ಲಿ ಜವಾಹರಲಾಲ್ ನೆಹರು ತಾರಾಲಯವಿದೆ. ಅಲ್ಲಿ ಶಾಲಾ ಮಕ್ಕಳಿಗಾಗಿ ವಿಜ್ಞಾನ ತರಗತಿಗಳು ನಡೆಯುತ್ತ ಬಂದಿವೆ.

ಹೋದ ದುಡ್ಡನ್ನು ಮತ್ತೆ ಸಂಪಾದಿಸಬಹುದು. ಆದರೆ ಸಂದಿನಿಂದ ನೋಡಿ, ನೋಡಲಿಲ್ಲ ಎಂದು ಹೇಳಿ, ಚಪ್ಪಾಳೆ ಪಡೆಯುವುದನ್ನು ಮಗು ಒಮ್ಮೆ ರೂಢಿಸಿಕೊಂಡರೆ ಅದನ್ನು ಬಿಡಿಸುವುದು ಕಷ್ಟ. ತರಗತಿಗೆ ಸೇರಿಸುವ ಮುನ್ನ ಒಂದು ರಟ್ಟು, ಒಂದು ಹತ್ತು ರೂಪಾಯಿ ನೋಟು ಇಟ್ಟುಕೊಂಡು ಪರೀಕ್ಷೆ ಮಾಡಿ ತೋರಿಸಲು ಕೇಳಿ. ಪರೀಕ್ಷೆಗೆ ಒಪ್ಪದವರ ಕೈಗೆ ನಿಮ್ಮ ಮಗುವನ್ನು ಕೊಡಬೇಡಿ.